ಡೈಕ್ಲೋಫೆನಾಕ್ ಜೆಲ್: ಮಂಡಿಗೆ ಒಗ್ಗಿದೆ, ಟ್ಯೂಬ್ ನೋಡಿದರೆ ಸಿಟ್ಟು

ಮಂಡಿ ಸವೆತದ ನೋವಿಗೆ 1% ಡೈಕ್ಲೋಫೆನಾಕ್ ಜೆಲ್ ಹಚ್ಚಲು ಶುರು ಮಾಡಿ ವರ್ಷಗಳೇ ಆದವು. ನೋವಿನ ಮಾತ್ರೆ ನನ್ನ ಹೊಟ್ಟೆಗೆ ಆಗಿಬರುವುದಿಲ್ಲ. ಅದಕ್ಕೇ ಡಾಕ್ಟರು ಇದನ್ನು ಬರೆದುಕೊಟ್ಟರು. ಒಂದು ಮಂಡಿಗೆ ಹಚ್ಚಿದಾಗ ರಕ್ತಕ್ಕೆ ಸೇರುವ ಔಷಧಿ, ಮಾತ್ರೆ ನುಂಗಿದಾಗ ಸೇರುವುದರ ಸುಮಾರು 6% ಅಷ್ಟೇ.

ಸ್ನಾನವಾದ ಮೇಲೆ ಮಂಡಿ ಚೆನ್ನಾಗಿ ಒರೆಸಿಕೊಳ್ಳುತ್ತೇನೆ. ಡಬ್ಬಿಯಲ್ಲಿ ಬಂದ ಅಳತೆ ಕಾರ್ಡಿನ ಮೇಲೆ 4 ಗ್ರಾಂ ಗೆರೆಯವರೆಗೆ ಜೆಲ್ ಹಿಂಡುತ್ತೇನೆ. ಚಿಪ್ಪಿನ ಸುತ್ತ, ಎರಡು ಪಕ್ಕ, ಆಮೇಲೆ ಮಂಡಿಯ ಹಿಂಭಾಗಕ್ಕೂ ನಿಧಾನವಾಗಿ ಸವರುತ್ತೇನೆ. ಆ ತಣ್ಣನೆ ಸ್ಪರ್ಶವೇ ಒಂದು ಹಿತ. ತಕ್ಷಣ ಕೈ ತೊಳೆಯಬೇಕು, ಕಣ್ಣಿಗೆ ತಾಗಿದರೆ ಉರಿಯುತ್ತದೆ. ಹತ್ತು ನಿಮಿಷ ಬಟ್ಟೆ ತಾಗಿಸದೆ ಸುಮ್ನೆ ಕೂರುತ್ತೇನೆ. ಒಂದು ಗಂಟೆ ನೀರು ಮುಟ್ಟಿಸುವುದಿಲ್ಲ. ಗಾಯದ ಮೇಲೆ ಹಚ್ಚಬಾರದು, ಹಚ್ಚಿದ ಮೇಲೆ ಪಟ್ಟಿ ಕಟ್ಟುವುದಾಗಲಿ ಬಿಸಿ ಶಾಖ ಕೊಡುವುದಾಗಲಿ ಕೂಡದು.

ಹಚ್ಚಿದ ಕೂಡಲೇ ನೋವು ಹೋಗುತ್ತದೆ ಅಂತ ಕಾಯಬೇಡಿ. ಸರಿಯಾದ ಗುಣ ಕಾಣಲು ವಾರ ಬೇಕಾಗಬಹುದು. ನನಗೆ ಮೊದಲು ಗೊತ್ತಾಗಿದ್ದು ಮೆಟ್ಟಿಲು ಇಳಿಯುವಾಗ. ಕೈ ಕಂಬಿಯನ್ನು ಹುಡುಕಲಿಲ್ಲ! ದಿನಕ್ಕೆ ನಾಲ್ಕು ಸಲ ಪೂರ್ತಿ ಅಳತೆಯಲ್ಲಿ ಹಚ್ಚಿದರೆ 30 ಗ್ರಾಂ ಟ್ಯೂಬ್ ಎರಡು ದಿನವೂ ಬರುವುದಿಲ್ಲ. ಜೇಬಿಗೆ ಹೊರೆಯೇ. ದೊಡ್ಡ ಟ್ಯೂಬೇ ಲೇಸು.

ನನಗೆ ಸಹಿಸಲಾಗದ್ದು ಟ್ಯೂಬಿನ ಮೇಲಿನ ಬರಹ. ಅವಧಿ ಮುಗಿಯುವ ತಿಂಗಳನ್ನು ಒತ್ತಿರುವುದು ಟ್ಯೂಬಿನ ಬಾಲದ ಮಡಿಕೆಯಲ್ಲಿ. ಜೆಲ್ ಹಿಂಡಲು ನಾವೆಲ್ಲ ಸುರುಳಿ ಸುತ್ತುವುದು ಅಲ್ಲಿಂದಲೇ ಅಲ್ವಾ? ಅರ್ಧ ಖಾಲಿಯಾಗುವಷ್ಟರಲ್ಲಿ ಆ ಅಂಕಿ ಒಳಗೆ ಸೇರಿರುತ್ತದೆ. ಇನ್ನೂ ಕೆಟ್ಟದ್ದು, ಕಂಪನಿ ಇಟ್ಟ ಹೆಸರು ಹೆಬ್ಬೆರಳಿನಷ್ಟು ದಪ್ಪ, ಔಷಧಿಯ ಹೆಸರು ಕಣ್ಣಿಗೇ ಕಾಣದಷ್ಟು ಸಣ್ಣ.

ಇದು ಬರೀ ಅಂದಚಂದದ ವಿಷಯವಲ್ಲ. ನನ್ನಕ್ಕನೂ ಇದೇ ಜೆಲ್ ಹಚ್ಚುತ್ತಾಳೆ. ಬೆನ್ನುನೋವಿಗೆ ಅಂತ ಬೇರೆ ಹೆಸರಿನ ಮಾತ್ರೆ ಕೇಳಿದಾಗ ಅಂಗಡಿಯವರು ತಡೆದರು. ಅದರಲ್ಲೂ ಡೈಕ್ಲೋಫೆನಾಕ್, ಜೊತೆಗೆ ಪ್ಯಾರಾಸಿಟಮಾಲ್. ಅವಳು ಆಗಲೇ ನೆಗಡಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇತ್ತು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಅದರ ಗರಿಷ್ಠ ಮಿತಿ, ಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಜಾಸ್ತಿಯಾದರೆ ಹೊಟ್ಟೆ, ಕಿಡ್ನಿಗೆ ಕಷ್ಟ. ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಜೆಲ್ ಅಂತ ಹಗುರವಾಗಿ ನೋಡದೆ ಡಾಕ್ಟರನ್ನು ಕೇಳಿಯೇ ಹಚ್ಚಿ.

ಈಗ ಹೊಸ ಟ್ಯೂಬ್ ತಂದ ದಿನವೇ ಔಷಧಿಯ ಹೆಸರು, ಅವಧಿಯ ತಿಂಗಳು ಎರಡನ್ನೂ ಮಾರ್ಕರ್‌ನಲ್ಲಿ ಮುಚ್ಚಳದ ಹತ್ತಿರ ಬರೆದಿಡುತ್ತೇನೆ. ಜೆಲ್‌ಗೆ ಐದಕ್ಕೆ ನಾಲ್ಕು ನಕ್ಷತ್ರ, ಟ್ಯೂಬಿಗೆ ಒಂದು. ಕಂಪನಿಯವರು ಈ ಎರಡು ಸಾಲನ್ನು ಮುಚ್ಚಳದ ಕಡೆಗೆ ದಪ್ಪಕ್ಷರದಲ್ಲಿ ಅಚ್ಚು ಹಾಕಲಿ, ಟ್ಯೂಬಿಗೆ ಉಳಿದ ನಾಲ್ಕು ನಕ್ಷತ್ರವನ್ನೂ ಕೊಡುತ್ತೇನೆ.