ಫಿಲ್ಮ್ ಒಂದೇ, ಅಂಟಿಸಿದ ಕೈ ಬೇರೆ: ಎರಡು ಬೇಸಿಗೆ ಕಳೆದ ಮೇಲೆ ನನ್ನ ಕಾರಿನ ಸನ್ ಫಿಲ್ಮ್

ಜೇವರ್ಗಿಯಿಂದ ಕಲಬುರಗಿಗೆ ದಿನಾ ಕಾರಿನಲ್ಲಿ ಹೋಗಿ ಬರುತ್ತೇನೆ. ಒಂದು ಕಡೆಗೆ ಸುಮಾರು 40 ಕಿಲೋಮೀಟರ್. ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ ಸೂರ್ಯ ಬಲಗಡೆ. ಸಂಜೆ ದಕ್ಷಿಣಕ್ಕೆ ವಾಪಸ್ ಬರುವಾಗಲೂ ಬಲಗಡೆಯೇ. ಸ್ಟಿಯರಿಂಗ್ ಹಿಡಿದವನ ಬಲಗೈಗೆ ಎರಡು ಹೊತ್ತೂ ಬಿಸಿಲು. ಮೂರು ವರ್ಷ ಟವೆಲ್‌ನ ತುದಿಯನ್ನು ಗ್ಲಾಸಿನ ಮೇಲಂಚಿಗೆ ಸಿಕ್ಕಿಸಿ, ಗ್ಲಾಸ್ ಏರಿಸಿ, ಅದರ ನೆರಳಲ್ಲಿ ಓಡಿಸಿದ್ದೇನೆ. ಬಲಗಡೆಯ ಕನ್ನಡಿ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ದಿನ ಭೀಮಾ ಸೇತುವೆ ದಾಟುವಾಗ ಪಕ್ಕದಲ್ಲೇ ಬಂದ ಬೈಕ್ ಕಾಣಲಿಲ್ಲ. ಏನೂ ಆಗಲಿಲ್ಲ, ಆದರೆ ಅವತ್ತೇ ಟವೆಲ್ ತೆಗೆದು ಡಿಕ್ಕಿಗೆ ಹಾಕಿ ಫಿಲ್ಮ್ ಹಾಕಿಸುವ ತೀರ್ಮಾನ ಮಾಡಿದೆ.

ಹಾಕಿಸಿದ್ದು ಸೆರಾಮಿಕ್ ಫಿಲ್ಮ್. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಕಪ್ಪಾಗಿದ್ದಷ್ಟೂ ತಂಪು ಅಂತ ನಾನೂ ಅಂದುಕೊಂಡಿದ್ದೆ, ಅದು ತಪ್ಪು. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಒಳ್ಳೆಯ ಸೆರಾಮಿಕ್ ಅದನ್ನು ತಡೆಯುತ್ತದೆ, ಬೆಳಕನ್ನು ಬಿಡುತ್ತದೆ. ಲೋಹದ ಪದರ ಇರುವ ಫಿಲ್ಮ್ ಹಾಗೆ ಮೊಬೈಲ್ ಸಿಗ್ನಲ್‌ಗೆ ಅಡ್ಡ ಬರುವುದೂ ಇಲ್ಲ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ಅಂಟಿಸುವುದನ್ನೇ ನಿಲ್ಲಿಸಿತ್ತು. ಆಮೇಲೆ ಫಿಲ್ಮ್‌ಗೆ ದಾರಿ ಬಿಡುವ ಹಾಗೆ ಮೋಟಾರು ವಾಹನ ನಿಯಮ 100 ತಿದ್ದುಪಡಿಯಾಗಿ 2021ರ ಏಪ್ರಿಲ್‌ನಿಂದ ಜಾರಿಗೆ ಬಂತು. 2024ರಲ್ಲಿ ಕೇರಳ ಹೈಕೋರ್ಟ್, ಮಿತಿಯೊಳಗಿನ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದಿತು. ಮಿತಿ ಅಂದರೆ ಮುಂದಿನ ಮತ್ತು ಹಿಂದಿನ ಗ್ಲಾಸಲ್ಲಿ ಕನಿಷ್ಠ 70%, ಪಕ್ಕದ ಗ್ಲಾಸಲ್ಲಿ 50% ಬೆಳಕು ದಾಟಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ. ಕಾರಿನ ಗ್ಲಾಸೇ ಒಂದಷ್ಟು ಬೆಳಕು ತಡೆದಿರುತ್ತದೆ. ನನ್ನ ಕಾರಿಗೆ ಬೆಳಕು ಅಳೆಯುವ ಮೀಟರ್ ಇಟ್ಟಾಗ ಬರೀ ಗ್ಲಾಸಿಗೇ 80% ಬಂತು. ಅದರ ಮೇಲೆ 70ರ ಫಿಲ್ಮ್, ಅಂದರೆ 70% ಬೆಳಕು ಬಿಡುವುದು, ಹಾಕಿದರೆ 80ರಲ್ಲಿ ಶೇಕಡಾ 70 ಪಾಲು, ಅಂದರೆ 56. ಪಕ್ಕಕ್ಕೆ ಅಡ್ಡಿಯಿಲ್ಲ. ಅದನ್ನೇ ಹಿಂದಕ್ಕೆ ಹಾಕಿದರೆ ನಿಯಮ ಮೀರಿದ ಹಾಗೆ. ಅದಕ್ಕೇ ಹಿಂದಕ್ಕೆ 90ರ ಫಿಲ್ಮ್ ತೆಗೆದುಕೊಂಡೆ, ಲೆಕ್ಕ 72 ಬಂತು. ಮುಂದಿನ ಗ್ಲಾಸಿಗೆ ಬಜೆಟ್ ಸಾಲಲಿಲ್ಲ. ಹಾಗೇ ಬಿಟ್ಟಿದ್ದೇನೆ.

ಮೊದಲ ವಾರ ಎಷ್ಟು ಖುಷಿಯಾಯಿತು ಅಂದರೆ, ಮನೆಯವರನ್ನು ಸುಮ್ನೆ ಮಧ್ಯಾಹ್ನ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದೆ. ಬಿಸಿಲು ಕೈ ಮೇಲೆ ಬೀಳುವುದು ಕಾಣುತ್ತದೆ, ಆದರೆ ಚುರುಗುಟ್ಟುವುದಿಲ್ಲ. ಏಸಿಯನ್ನು ನಾಲ್ಕರಲ್ಲಿ ಇಡುತ್ತಿದ್ದವನು ಎರಡಕ್ಕೆ ಇಳಿಸಿದೆ. ಬಲಮೊಣಕೈಯನ್ನು ಬಾಗಿಲ ಅಂಚಿನ ಮೇಲಿಟ್ಟುಕೊಂಡು ಓಡಿಸುವುದು ಏಪ್ರಿಲ್ ತಿಂಗಳಲ್ಲಿ ನನಗೆ ಹೊಸ ಅನುಭವ.

ಆಮೇಲೆ ಹಿಂದಿನ ಗ್ಲಾಸ್ ಕಣ್ಣಿಗೆ ಬಿತ್ತು.

ಡಿಫಾಗರ್ ಗೆರೆಗಳ (ಬಿಸಿಯಾಗಿ ಗ್ಲಾಸಿನ ಮಂಜು ತೆಗೆಯುವ ತಂತಿಯಂಥ ಗೆರೆಗಳು) ಪಕ್ಕದಲ್ಲಿ ಸಾಲಾಗಿ ಗುಳ್ಳೆಗಳು. ಮೇಲಂಚಿನಲ್ಲಿ ಬೆರಳಿನಷ್ಟು ಅಗಲದ ಮೂರು ಮಡಿಕೆಗಳು. ಅಂಗಡಿಯವರಿಗೆ ತೋರಿಸಿದರೆ "ಒಂದು ವಾರ ಬಿಸಿಲಿಗೆ ನಿಲ್ಲಸ್ರಿ ಸರ್, ತಾನೇ ಹೋಗ್ತದ" ಅಂದರು. ನೀರಿನ ಗುಳ್ಳೆಯಾದರೆ ಅವರ ಮಾತು ನಿಜ. ಅದು ಹಾಲಿನ ಹಾಗೆ ಮಸುಕಾಗಿರುತ್ತದೆ, ದಿನ ಕಳೆದಂತೆ ಒಣಗಿ ಮಾಯವಾಗುತ್ತದೆ, ಮಳೆಗಾಲದಲ್ಲಿ ತಿಂಗಳಾದರೂ ಕಾಯಬೇಕು. ಗಾಳಿ ತುಂಬಿದ ಗುಳ್ಳೆ ಬೇರೆ. ಅದು ಬೆಳ್ಳಗೆ ಹೊಳೆಯುತ್ತದೆ, ತಾನಾಗಿ ಹೋಗುವುದಿಲ್ಲ. ನಾನು ಐದು ವಾರ ಕಾದೆ. ಒಂದೂ ಹೋಗಲಿಲ್ಲ. ಸಂಜೆ ಹಿಂದಿನ ಗಾಡಿಯ ಹೆಡ್‌ಲೈಟ್ ಬಿದ್ದರೆ ಪ್ರತಿ ಗುಳ್ಳೆಯೂ ಒಂದೊಂದು ಚುಕ್ಕಿಯ ಹಾಗೆ ಹೊಳೆಯುತ್ತಿತ್ತು.

ಬಿಟ್ಟಿಯಾಗಿ ಬೇರೆ ಹಾಕಿಕೊಡುತ್ತೇವೆ ಅಂದರು. ಒಪ್ಪಿದೆ. ಇಲ್ಲೇ ದೊಡ್ಡ ನಷ್ಟವಾಯಿತು. ಫಿಲ್ಮನ್ನು ಬಿಸಿ ಮಾಡದೆ ಹಾಗೇ ಕಿತ್ತರು, ಅಂಟೆಲ್ಲ ಗ್ಲಾಸಿನಲ್ಲೇ ಉಳಿಯಿತು. ಹುಡುಗ ಅದನ್ನು ಬ್ಲೇಡಿನಿಂದ ಕೆರೆಯಲು ಶುರುಮಾಡಿದ. ಡಿಫಾಗರ್ ಗೆರೆಗಳು ಇರುವುದು ಗ್ಲಾಸಿನ ಒಳಮೈ ಮೇಲೆ, ಉಗುರಿಗೆ ತಾಗುವ ಹಾಗೆ. ಬ್ಲೇಡ್ ತಾಗಿದರೆ ಕಡಿದು ಹೋಗುತ್ತವೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಎರಡು ಗೆರೆ ಹೋಗಿದ್ದವು. ಕೇಳಿದರೆ "ನಮ್ಮ ಕಡೆ ಡಿಫಾಗರ್ ಯಾರು ಹಚ್ತಾರ್ರಿ" ಎಂಬ ಉತ್ತರ. ಸಿಟ್ಟು ಬಂದಿದ್ದು ಈ ಮಾತಿಗೆ. ತಪ್ಪಾಯಿತು ಅಂದಿದ್ದರೆ ಅಲ್ಲೇ ಹಾಕಿಸಿಕೊಂಡು ಬರುತ್ತಿದ್ದೆ. ಬರೀ ಗ್ಲಾಸಿನಲ್ಲೇ ಮನೆಗೆ ಬಂದೆ.

ಆರು ತಿಂಗಳು ಹಾಗೇ ಓಡಿಸಿದೆ. ಚಳಿಗಾಲದಲ್ಲಿ ಸಹೋದ್ಯೋಗಿಯೊಬ್ಬರು ಕಲಬುರಗಿಯಲ್ಲೇ ಇನ್ನೊಬ್ಬರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದವರು, ಎಲ್ಲರೂ ಚಾಚಾ ಅನ್ನುತ್ತಾರೆ. ನಾನು ಕೇಳಿದ್ದು ಅದೇ ಕಂಪನಿಯ ಅದೇ 90ರ ಫಿಲ್ಮ್. 2,800 ರೂಪಾಯಿ ಆಯಿತು. ಈ ಸಲ ಚಹಾಕ್ಕೆ ಹೋಗಲಿಲ್ಲ. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ.

ಮೊದಲು ನೆಲಕ್ಕೆ ನೀರು ಹೊಡೆದರು. ಸೆಕೆ ಅಂತ ನಾನು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದೆ. "ಫ್ಯಾನ್ ಹಚ್ಬ್ಯಾಡ್ರಿ, ಧೂಳು ಏಳ್ತದ" ಅಂದರು. ಗ್ಲಾಸನ್ನು ಹೊರಗಿನಿಂದ ತೊಳೆದು ಒರೆಸಿ, ಮಕ್ಕಳಿಗೆ ಹಾಕುವ ಟಾಲ್ಕಂ ಪೌಡರನ್ನು ತೆಳುವಾಗಿ ಸವರಿದರು. ಆಮೇಲೆ ಒದ್ದೆ ಬಟ್ಟೆಯಿಂದ ನಡುವೆ ಅಡ್ಡಲಾಗಿ ಒಂದು ಗೆರೆ, ಎರಡೂ ಕೊನೆಗೆ ಉದ್ದಕ್ಕೆ ಒಂದೊಂದು ಗೆರೆ ಎಳೆದರು. ಫಿಲ್ಮ್ ಆ ಒದ್ದೆ ಗೆರೆಗಳಲ್ಲಿ ಮಾತ್ರ ಹಿಡಿದು ನಿಲ್ಲುತ್ತದೆ, ಉಳಿದ ಕಡೆ ಪೌಡರಿನ ಮೇಲೆ ಜಾರುತ್ತದೆ. ಹಿಂದಿನ ಗ್ಲಾಸ್ ಎರಡು ಕಡೆಗೂ ಬಾಗಿರುತ್ತದೆ, ಫಿಲ್ಮ್ ಚಪ್ಪಟೆ. ಹಾಗಾಗಿ ಮೇಲೆ ಕೆಳಗೆ ಸೀರೆ ನೆರಿಗೆಯಂತೆ ಮಡಿಕೆ ಏಳುತ್ತದೆ. ಒಂದೊಂದು ಮಡಿಕೆಗೂ ಹೀಟ್ ಗನ್ ಹಿಡಿದು, ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಾ ಇದ್ದರು. ಮಡಿಕೆ ಒಮ್ಮೆ ನಡುಗಿ, ಮುದುಡಿ, ಮೆಲ್ಲಗೆ ಗ್ಲಾಸಿಗೆ ಒರಗಿಕೊಳ್ಳುತ್ತಿತ್ತು. ಅದನ್ನು ಪಟ್ಟಿಯಿಂದ ಒತ್ತಿ ಮುಂದಿನದಕ್ಕೆ ಹೋಗುತ್ತಿದ್ದರು. ಇದಕ್ಕೇ ಮುಕ್ಕಾಲು ಗಂಟೆ. ಶಾಖ ಜಾಸ್ತಿಯಾದರೆ ಫಿಲ್ಮ್ ಸುಟ್ಟು ಗೆರೆ ಬೀಳುತ್ತದೆ, ಗ್ಲಾಸೇ ಒಡೆಯಲೂಬಹುದು.

ಹೊರಗೆ ಪೂರ್ತಿ ಆಕಾರಕ್ಕೆ ಬಂದ ಮೇಲೆಯೇ, ಒಳಮೈಗೆ ಅಂಟಿಸಲು ಕಾರಿನ ಒಳಗೆ ಹೋದರು. ಹಳೇ ಅಂಟು ಒಂದಿಷ್ಟು ಉಳಿದಿತ್ತು. ಅದನ್ನು ದ್ರಾವಣ ಹಾಕಿ ನೆನೆಸಿ, ಗೆರೆಗಳ ದಿಕ್ಕಿನಲ್ಲೇ ಬಟ್ಟೆಯಿಂದ ಉಜ್ಜಿದರು. ಬ್ಲೇಡ್ ಮುಟ್ಟಲೇ ಇಲ್ಲ. ನಾಲ್ಕು ಹನಿ ಬೇಬಿ ಶಾಂಪೂ ಹಾಕಿದ ನೀರನ್ನು ಗ್ಲಾಸಿಗೂ ಫಿಲ್ಮಿನ ಅಂಟಿಗೂ ಧಾರಾಳವಾಗಿ ಸ್ಪ್ರೇ ಮಾಡಿ, ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ ನೀರು ತಳ್ಳಿದರು. ಡಿಫಾಗರ್ ಗೆರೆ ಬಂದಲ್ಲೆಲ್ಲ ಗೆರೆಯ ಉದ್ದಕ್ಕೇ ಪಟ್ಟಿ ಎಳೆಯುತ್ತಿದ್ದರು, ಅಡ್ಡಕ್ಕಲ್ಲ. ಮೊದಲ ಅಂಗಡಿಯಲ್ಲಿ ಇಡೀ ಕಾರು ಒಂದೂವರೆ ಗಂಟೆಯಲ್ಲಿ ಮುಗಿದಿತ್ತು. ಇಲ್ಲಿ ಒಂದೇ ಗ್ಲಾಸಿಗೆ ಎರಡೂವರೆ ಗಂಟೆ.

ಅದೇ ಫಿಲ್ಮ್, ಒಂದು ಗುಳ್ಳೆ ಇಲ್ಲ. ಕಂಪನಿ ಹೆಸರು ಬರೆಯದಿದ್ದುದಕ್ಕೆ ಕಾರಣ ಇದೇ.

ಪಕ್ಕದ ನಾಲ್ಕು ಗ್ಲಾಸ್ ಇನ್ನೂ ಮೊದಲನೆಯವರು ಹಾಕಿದ್ದೇ. ನ್ಯಾಯವಾಗಿ ಹೇಳಬೇಕು, ಅವು ಚೆನ್ನಾಗಿವೆ. ಎಡಗಡೆ ಹಿಂದಿನ ಬಾಗಿಲಲ್ಲಿ ಮಾತ್ರ ಕೆಳಗಿನ ಮೂಲೆ ಎದ್ದಿದೆ. ಮೂರ್ನಾಲ್ಕು ದಿನ ಗ್ಲಾಸ್ ಇಳಿಸಬೇಡಿ ಅಂದಿದ್ದರು, ಮಗ ಎರಡನೇ ದಿನವೇ ಇಳಿಸಿದ. ಅದು ಅಂಗಡಿಯವರ ತಪ್ಪಲ್ಲ.

ಈಗ ಭಾನುವಾರ ಬೆಳಿಗ್ಗೆ ಮೈಕ್ರೋಫೈಬರ್ ಬಟ್ಟೆ, ಶಾಂಪೂ ನೀರು ಹಿಡಿದು ಒಳಗಿನಿಂದ ನಾನೇ ಒರೆಸುತ್ತೇನೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಹಾಕಬೇಡಿ, ಫಿಲ್ಮ್ ಹಾಳಾಗುತ್ತದೆ. ಹಿಂದಿನ ಗ್ಲಾಸನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ನಿಧಾನವಾಗಿ ಒರೆಸುತ್ತೇನೆ. ಮಳೆ ಬಂದ ದಿನ ಡಿಫಾಗರ್ ಒತ್ತಿದರೆ ಗ್ಲಾಸೆಲ್ಲ ತಿಳಿಯಾಗುತ್ತದೆ, ಆ ಎರಡು ಗೆರೆ ಇದ್ದ ಕಡೆ ಮಾತ್ರ ಮಂಜು ಹಾಗೇ ನಿಲ್ಲುತ್ತದೆ. ಒಳಕನ್ನಡಿಯಲ್ಲಿ ಸರಿಯಾಗಿ ನಡುವೆ.

ಮುಂದಿನ ತಿಂಗಳು ಬಾಮೈದನ ಹೊಸ ಕಾರು ಬರುತ್ತದೆ. ಮಳೆ ನಿಲ್ಲಲಿ ಅಂತ ಹೇಳಿದ್ದೇನೆ. ಆಮೇಲೆ ಇಬ್ಬರೂ ಒಂದು ದಿನ ರಜೆ ಹಾಕಿ ಚಾಚಾ ಹತ್ತಿರ ಹೋಗುತ್ತೇವೆ.