ಕಂಬಿ ಎಳೆಯುವ ಲ್ಯಾಬು: ಎರಡು ವರ್ಷದ ಅನುಭವ

ಬಳ್ಳಾರಿಯಲ್ಲಿ ಮನೆ ಕಟ್ಟಿಸುವ ಸಣ್ಣ ಕಾಂಟ್ರಾಕ್ಟರ್ ನಾನು. ಎರಡು ವರ್ಷದಿಂದ ಒಂದೇ ಖಾಸಗಿ ಲ್ಯಾಬಿನಲ್ಲಿ ಕಂಬಿ ಟೆಸ್ಟ್ ಮಾಡಿಸುತ್ತಿದ್ದೇನೆ. ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ ಇರುವಾಗ ಟೆಸ್ಟ್ ಯಾಕೆ ಅಂತ ಮನೆ ಮಾಲೀಕರು ನಗುತ್ತಾರೆ. ಅಂಗಡಿಗೆ ಬರುವುದೆಲ್ಲ ದೊಡ್ಡ ಕಾರ್ಖಾನೆಯ ಮಾಲೇ ಅಲ್ಲ, ಅಲ್ವಾ?

ನನಗಂತೂ ಎಳೆಯುವುದನ್ನು ನೋಡುವುದೇ ಖುಷಿ. ಮೊದಲು ತೂಕ. 12 ಎಂಎಂ ಕಂಬಿ ಮೀಟರಿಗೆ 888 ಗ್ರಾಂ ಹತ್ತಿರ ತೂಗಬೇಕು. ಆಮೇಲೆ ಮೆಷಿನ್ನಿನ ದವಡೆಗಳು ಎರಡೂ ತುದಿ ಕಚ್ಚುತ್ತವೆ. ಮುಳ್ಳು ಏರುತ್ತಾ ಹೋಗಿ, ಆರು ಟನ್ ಆಸುಪಾಸಿನಲ್ಲಿ ಒಂದು ಗಳಿಗೆ ತಡವರಿಸುತ್ತದೆ. ಅಲ್ಲಿಂದ ಕಂಬಿ ಹಿಗ್ಗಲು ಶುರು. ಮೈಮೇಲಿನ ಕಪ್ಪು ಪೊರೆ ಪುಡಿಪುಡಿಯಾಗಿ ಉದುರುತ್ತದೆ, ಒಂದು ಕಡೆ ಸೊಂಟ ಸಣ್ಣಗಾಗುತ್ತದೆ. ಢಂ! ಗೊತ್ತಿದ್ದೂ ಪ್ರತಿ ಸಲ ಬೆಚ್ಚಿಬೀಳುತ್ತೇನೆ. ಮುರಿದ ತುದಿ ಮುಟ್ಟಿದರೆ ಬೆಚ್ಚಗಿರುತ್ತದೆ.

ಬೇಸರವಾಗಿದ್ದು ಕಳೆದ ಬೇಸಿಗೆಯಲ್ಲಿ. ಎಷ್ಟು ಹಿಗ್ಗಿತು ಅಂತ ತಿಳಿಯಲು ಎಳೆಯುವ ಮೊದಲೇ ಕಂಬಿಗೆ ಎರಡು ಗುರುತು ಹಾಕಬೇಕು. ಅವುಗಳ ನಡುವಿನ ಅಂತರ ದಪ್ಪದ ಐದು ಪಟ್ಟು, ಅಂದರೆ 12 ಎಂಎಂಗೆ 60 ಎಂಎಂ. ಮುರಿದ ಮೇಲೆ ತುಂಡುಗಳನ್ನು ಜೋಡಿಸಿ ಅದೇ ಅಂತರವನ್ನು ಮತ್ತೆ ಅಳೆಯಬೇಕು. ಎಫ್‌ಇ 500ಡಿ ಅನ್ನುವ ದರ್ಜೆಯ ಕಂಬಿ ಕನಿಷ್ಠ ಶೇ. 16 ಹಿಗ್ಗಬೇಕು, 60 ಇದ್ದದ್ದು 69.6 ಆದರೂ ಆಗಬೇಕು. ಅವತ್ತು ನನ್ನ ಕಣ್ಣೆದುರೇ ಗುರುತು ಹಾಕದೆ ಎಳೆದರು. ಅದೂ ದವಡೆಯೊಳಗೇ ಮುರಿಯಿತು. ಹಾಗೆ ಮುರಿದರೆ ಇನ್ನೊಂದು ತುಂಡು ಎಳೆಯಬೇಕು. ಇವರ ರಿಪೋರ್ಟಿನಲ್ಲಿ ಮಾತ್ರ 18.2 ಅಂತ ಚೆಂದಾಗಿ ಟೈಪ್ ಆಗಿತ್ತು!

"ಇದು ಎಲ್ಲಿಂದ ಬಂತಪ್ಪಾ?" ಅಂದೆ.

"ಪಾಸಾಗೈತಲ್ಲಣ್ಣಾ, ಬಿಡ್ರಿ," ಅಂದ ಹುಡುಗ.

ಹೆಂಗೆ ಬಿಡಲಿ? ಹಿಗ್ಗುವ ಕಂಬಿ ಇದ್ದರೆ ಬೀಮು ಮೊದಲು ಬಾಗುತ್ತದೆ, ಬಿರುಕು ತೋರಿಸುತ್ತದೆ, ಒಳಗಿದ್ದವರು ಓಡಬಹುದು. ಹಿಗ್ಗದ ಕಂಬಿ ಹೇಳದೆ ಕೇಳದೆ ತುಂಡಾಗುತ್ತದೆ. "2024ರಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿದ್ದು ನೆನಪೈತೇನು?" ಅಂತ ಕೇಳಿದೆ. ಹುಡುಗ ಹೊಸಪೇಟೆಯವನು. ಸುಮ್ಮನಾದ.

ಗಲಾಟೆ ಕೇಳಿ ಲ್ಯಾಬಿನ ಯಜಮಾನರು ಬಂದರು. ಮರುಮಾತಾಡದೆ ಇನ್ನೊಂದು ತುಂಡು ಎಳೆಸಿದರು, ದುಡ್ಡೂ ಕೇಳಲಿಲ್ಲ. 60 ಇದ್ದದ್ದು 70.2 ಬಂತು. ಕಂಬಿ ಒಳ್ಳೆಯದೇ ಇತ್ತು, ಪಾಪ.

ಈಗ ಸ್ಕೂಟರಿನ ಡಿಕ್ಕಿಯಲ್ಲಿ ಪಂಚು, ಸುತ್ತಿಗೆ, ಅಳೆಯುವ ವರ್ನಿಯರ್ ಇಟ್ಟುಕೊಂಡೇ ಹೋಗುತ್ತೇನೆ. ಗುರುತು ನಾನೇ ಹಾಕುತ್ತೇನೆ, ಹುಡುಗ ಕಂಬಿ ಹಿಡಿದುಕೊಳ್ಳುತ್ತಾನೆ. ರಿಪೋರ್ಟು ಇವತ್ತಿಗೂ ಹೇಳಿದ ದಿನಕ್ಕೆ ಸಿಗಲ್ಲ. ಐದಕ್ಕೆ ಎರಡು ಸ್ಟಾರ್ ಕೊಡೋಣ ಅಂತಿದ್ದೆ. ಮೆಷಿನ್ ಪಕ್ಕ ನಿಂತು ನೋಡಲು ಬಿಡುತ್ತಾರಲ್ಲ, ಅದಕ್ಕೆ ಒಂದು ಜಾಸ್ತಿ.