12 ಬೋರ್ ಜೋಡು ನಳಿಗೆ ಕೋವಿ: ಬಹಳ ವರ್ಷ ಬಳಸಿದ ಮೇಲಿನ ವಿಮರ್ಶೆ

ಮೊಲ, ಕೌಜುಗ ಹೊಡೆಯಲು ಹುಡುಗನಿಗೆ ಕಡಿಮೆ ಬೆಲೆಯ ಕೋವಿ ಯಾವುದು ಎಂದು ಕೇಳುವವರಿಗೆ ಉತ್ತರ: ಯಾವುದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಎರಡೂ ರಕ್ಷಿತ ಪ್ರಾಣಿಗಳು. ಬೆಳೆಗೆ ನುಗ್ಗುವ ಹಂದಿಯನ್ನು ಹೊಡೆಯಲೂ ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿರಬೇಕು. ದಾವಣಗೆರೆ ಜಿಲ್ಲೆಯ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ, ಚಿತ್ರದುರ್ಗದ ಜೋಗಿಮಟ್ಟಿ ಕಾಡು ಇವುಗಳ ಅಂಚಿನಲ್ಲಿ ಹೊಲ ಇರುವವರು ಇನ್ನೂ ಎಚ್ಚರವಾಗಿರಬೇಕು. ಲೈಸೆನ್ಸ್‌ಗೆ 21 ವರ್ಷ ತುಂಬಿರಬೇಕು. ಮೆಕ್ಕೆಜೋಳ, ಶೇಂಗಾ, ಅಡಿಕೆ ಕಾಯಲು ಅಥವಾ ಕ್ಲೇ ಗುರಿ (ಗಾಳಿಗೆ ಎಸೆಯುವ ಬಿಲ್ಲೆ) ಹೊಡೆಯಲು ಮೊದಲ ಕೋವಿ ಹುಡುಕುತ್ತಿರುವವರು ಮುಂದೆ ಓದಿ.

ಲೈಸೆನ್ಸಿನಲ್ಲಿ ಎಸ್‌ಬಿಬಿಎಲ್ ಎಂದರೆ ಒಂಟಿ ನಳಿಗೆ, ಡಿಬಿಬಿಎಲ್ ಎಂದರೆ ಜೋಡು. ಒಂಟಿಯದು ಬೆಲೆ ಕಡಿಮೆ, ತೂಕವೂ ಕಡಿಮೆ. ತೊಂದರೆ ಇರುವುದು ಆ ತೂಕದಲ್ಲೇ. ಅದೇ ತೋಟಾ ಎರಡೂವರೆ ಕೆಜಿ ಕೋವಿಯಲ್ಲಿ ಹಾರಿದರೆ, ಮೂರು ಕೆಜಿ ದಾಟಿದ ಜೋಡು ನಳಿಗೆ ಕೋವಿಗಿಂತ ಭುಜಕ್ಕೆ ಕಾಲುಪಾಲಿನಷ್ಟು ಹೆಚ್ಚು ಒದೆಯುತ್ತದೆ. ಹೊಸಬ ನಾಲ್ಕು ತೋಟಾ ಹಾರಿಸುವಷ್ಟರಲ್ಲಿ ಕಣ್ಣು ಮುಚ್ಚಿ ಟ್ರಿಗರ್ ಎಳೆಯಲು ಶುರುಮಾಡುತ್ತಾನೆ, ಆಮೇಲೆ ಆ ಚಾಳಿ ಬಿಡಿಸುವುದು ಕಷ್ಟ. ಹೊಸ ಒಂಟಿ ನಳಿಗೆಗಿಂತ ಗಟ್ಟಿಯಾಗಿರುವ ಹಳೆಯ ಜೋಡು ನಳಿಗೆ ಮೇಲು ಎನ್ನುವುದಕ್ಕೆ ಇದೇ ಕಾರಣ.

ಹಳೆಯದು ಕೊಳ್ಳುವಾಗ ಲೈಸೆನ್ಸ್ ಇರುವ ಡೀಲರ್ ಅಂಗಡಿಯಲ್ಲೇ ಬಿಚ್ಚಿ ನೋಡಿ. ಕೋವಿ ಖಾಲಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಮುಂಗೈ ಮರ (ನಳಿಗೆಯ ಕೆಳಗೆ ಕೈ ಹಿಡಿಯುವ ಮರ) ತೆಗೆದು, ನಳಿಗೆ ಮುಚ್ಚಿ, ಸ್ಟಾಕ್ ಹಿಡಿದು ಅಲ್ಲಾಡಿಸಿ. ಕೀಲು ಸವೆದಿದ್ದರೆ ಕೈಗೇ ಗೊತ್ತಾಗುತ್ತದೆ. ಮುಚ್ಚಿದ ಜಾಗವನ್ನು ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ಕಂಡರೆ ಬೇಡ. ನಳಿಗೆಗಳನ್ನು ಬಿಚ್ಚಿ ತೂಗುಬಿಟ್ಟು ಉಗುರಿನಿಂದ ತಟ್ಟಿ: ಗಂಟೆಯಂತೆ ನಿನದಿಸಬೇಕು. ಸದ್ದು ಮಂದವಾಗಿದ್ದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ, ಒಳಗೆ ತೇವ ಸೇರಿ ಕಾಣದ ಕಡೆ ತುಕ್ಕು ತಿನ್ನುತ್ತಿದೆ. ನಳಿಗೆಯೊಳಗೆ ಉಂಗುರದಂತೆ ಕಪ್ಪು ನೆರಳು ಕಂಡರೆ ಅಲ್ಲಿ ಉಬ್ಬಿದೆ ಎಂದರ್ಥ. ಅದಕ್ಕೆ ರಿಪೇರಿ ಇಲ್ಲ, ಚೌಕಾಶಿಯೂ ಬೇಡ.

ಇನ್ನು ತೋಟಾ. ತೋಟಾ ಕೂರುವ ಕೋಣೆಯ ಉದ್ದ 65 ಮಿ.ಮೀ. ಎಂದು ನಳಿಗೆಯ ಮೇಲೆ ಕೊರೆದಿದ್ದರೆ 70ರದು ಹಾಕಬಾರದು. ಹಾಕುವಾಗ ಸಲೀಸಾಗಿಯೇ ಕೂರುತ್ತದೆ, ಆದರೆ ಹಾರುವಾಗ ತೋಟಾದ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಖಡಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ ಕೊಳ್ಳುವಾಗಲೂ ಡಬ್ಬಿಯ ಮೇಲಿನ ಅಳತೆ ಓದಿಯೇ ತನ್ನಿ. 12ಕ್ಕಿಂತ ಸಣ್ಣದಾದ 20 ಬೋರಿನ ತೋಟಾ ಇರುವ ಮನೆಯಲ್ಲಿ ಇನ್ನೂ ಜೋಪಾನ. ಅದು 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದೆ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ.

ಸಾಮಾನ್ಯವಾಗಿ ಮುಂದಿನ ಟ್ರಿಗರ್ ಬಲ ನಳಿಗೆಯದು, ಹಿಂದಿನದು ಎಡ ನಳಿಗೆಯದು. ಎಡದ ನಳಿಗೆಯ ಬಾಯಿ ಹೆಚ್ಚು ಬಿಗಿ, ಈ ಬಿಗಿಗೇ ಚೋಕ್ ಎನ್ನುವುದು. ಫುಲ್ ಚೋಕ್ ಆದರೆ ಸುಮಾರು 36 ಮೀಟರಿನಲ್ಲಿ 75 ಸೆಂ.ಮೀ. ಸುತ್ತಿನೊಳಗೆ ನೂರಕ್ಕೆ ಎಪ್ಪತ್ತು ಚರೆ ಬೀಳಬೇಕು. ದೊಡ್ಡ ಕಾಗದ ಕಟ್ಟಿ ಎಣಿಸಿ ನೋಡಿ. ಒಂಟಿ ಗುಂಡಿನ ತೋಟಾವನ್ನು ಈ ಬಿಗಿ ನಳಿಗೆಗೆ ಹಾಕದಿರುವುದೇ ಕ್ಷೇಮ.

ಸಣ್ಣ ಮೈಕಟ್ಟಿನವರಿಗೆ ಸ್ಟಾಕ್ ಉದ್ದವಾಗುತ್ತದೆ. ಅಂಗಿಯ ಕಂಕುಳಿಗೆ ಸಿಕ್ಕಿಕೊಂಡರೆ ಅದೇ ಗುರುತು. ಎರಡು ಸೆಂ.ಮೀ. ಕೊಯ್ಸಿ ರಬ್ಬರ್ ಪ್ಯಾಡ್ ಹಾಕಿಸುವುದಿದ್ದರೆ ಪ್ಯಾಡಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲ್ಲದಿದ್ದರೆ ಕೊಯ್ಸಿದ್ದು ದಂಡ.

ಖಾಲಿ ನಳಿಗೆಯ ಮೇಲೆ ಟ್ರಿಗರ್ ಎಳೆಯುವ ಆಟ ಬೇಡ, ಫೈರಿಂಗ್ ಪಿನ್ ಮುರಿಯುವುದು ಹೆಚ್ಚಾಗಿ ಹೀಗೆಯೇ. ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಣಕು ತೋಟಾ) ಒಂದು ಜೊತೆ ತೆಗೆದಿಡಿ. ಮಳೆಗಾಲದಲ್ಲಿ ಬಟ್ಟೆಯ ಚೀಲದಲ್ಲಿ ಇಟ್ಟರೆ ಚೀಲವೇ ತೇವ ಹೀರಿ ತುಕ್ಕು ತರುತ್ತದೆ. ಒರೆಸಿ, ತೆಳುವಾಗಿ ಎಣ್ಣೆ ಸವರಿ, ಬಿಚ್ಚಿದಂತೆಯೇ ಬೀಗ ಹಾಕಿದ ಕಪಾಟಿನಲ್ಲಿಡಿ, ತೋಟಾ ಬೇರೆ ಕಡೆ ಇರಲಿ. ಚುನಾವಣೆ ಬಂದಾಗ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ, ವಾರಗಟ್ಟಲೆ ಅಲ್ಲೇ ಇರುತ್ತದೆ. ಹಾಗಾಗಿ ಕೊಡುವ ಹಿಂದಿನ ದಿನ ನಳಿಗೆಯ ಒಳಗೂ ಹೊರಗೂ ಸ್ವಲ್ಪ ದಪ್ಪನೆ ಗ್ರೀಸ್ ಹಚ್ಚಿ, ರಶೀದಿಯಲ್ಲಿ ನಂಬರ್ ಸರಿಯಾಗಿ ಬರೆದಿದೆಯೇ ನೋಡಿಕೊಳ್ಳಿ. ವಾಪಸ್ ತಂದ ದಿನವೇ ಗ್ರೀಸ್ ಪೂರ್ತಿ ತೆಗೆಯಿರಿ. ನಳಿಗೆಯೊಳಗೆ ಗ್ರೀಸ್ ಇರುವಾಗ ಹಾರಿಸುವುದು ಅಪಾಯ.